ಚುಕ್ಕಿ ಬಿದ್ದಾಗ ಹಿಡಿದ ಅಂಗಿ

"ಹಸಿರು! ಹಸಿರು! ಯಾರರ ಹಸಿರು ತೋರಸ್ರಿ...!"

ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಅಂಗಳದಲ್ಲಿ ಜ್ಯೋತಿಲಕ್ಷ್ಮಿ ಹೀಗೆ ಕೂಗುತ್ತ ಓಡಿದಾಗ ಅಲ್ಲಿದ್ದ ಹಮಾಲರಲ್ಲಿ ಒಬ್ಬನೂ ಅವಳ ಕಡೆ ನೋಡಲಿಲ್ಲ. ಎಲ್ಲರ ಬಾಯಿಯೂ ತೆರೆದಿತ್ತು, ಎಲ್ಲರ ಕಣ್ಣೂ ಆಕಾಶಕ್ಕೆ ಅಂಟಿಕೊಂಡಿತ್ತು.

ಸಂಜೆ ಏಳರ ಸುಮಾರು. ಕತ್ತಲು ಆಗಷ್ಟೇ ಇಳಿದಿತ್ತು. ರಾಣೆಬೆನ್ನೂರಿನ ದಿಕ್ಕಿನಿಂದ ಒಂದು ಬೆಂಕಿಯ ಉಂಡೆ ಎದ್ದು, ಉದ್ದನೆಯ ಬಾಲ ಎಳೆದುಕೊಂಡು ಹಾವೇರಿಯ ಕಡೆ ಸರ್ರನೆ ಸಾಗಿತ್ತು. ಸಣ್ಣಪುಟ್ಟ ಚುಕ್ಕಿಯಲ್ಲ, ಊರಿಗೆ ಊರೇ ಬೆಳಗುವಂಥದ್ದು! ಹೋಗುತ್ತ ಹೋಗುತ್ತ ಅದು ಹಸಿರಾಗಿ ಉರಿಯಿತು. ಗೋಡೆ, ಲಾರಿ, ಮೆಣಸಿನಕಾಯಿ ರಾಶಿ, ಹಮಾಲರ ಮುಖ... ಎಲ್ಲದರ ಮೇಲೂ ಹಸಿರು ಬೆಳಕು ಚೆಲ್ಲಿತು.

ಆಗಲೇ ಜ್ಯೋತಿಗೆ ಅಜ್ಜಿ ಹೊಳಿಯವ್ವನ ಮಾತು ನೆನಪಾದದ್ದು.

'ಚುಕ್ಕಿ ಬೀಳೂದು ಕಂಡ್ರ, ಅದು ಆರೂದ್ರೊಳಗ ಹಸಿರು ಮುಟ್ಟಬೇಕು. ಗಿಡ, ಬಳಿ, ಸೀರಿ, ಏನರ ಇರಲಿ, ಹಸಿರಿರಬೇಕು. ಮುಟ್ಟಲಿಲ್ಲಂದ್ರ ಆ ಹೊತ್ತಿನ್ಯಾಗ ಕೂಡಿದ್ದು ಯಾವುದೂ ನಿಲ್ಲಂಗಿಲ್ಲ.'

ಹುಡುಗಿ ಬಿ.ಎಸ್ಸಿ. ಓದಿದವಳು. ಉಲ್ಕೆ ಅಂದರೇನು ಎಂದು ಪರೀಕ್ಷೆಯಲ್ಲಿ ಬರೆದು ಅಂಕ ತೆಗೆದುಕೊಂಡವಳು. ಆದರೆ ಏನು ಮಾಡುವುದು? ಓದಿದ್ದು ತಲೆಯಲ್ಲಿ ಕೂತಿತ್ತು, ಅಜ್ಜಿ ಹೇಳಿದ್ದು ಕಾಲಿಗೆ ಇಳಿದಿತ್ತು. ತಲೆ ಯೋಚಿಸುವ ಮೊದಲೇ ಕಾಲು ಓಡಿತು.

ಅವಳಂತೆ ಇಲ್ಲಿನ ಲ್ಯಾಬಿನಲ್ಲಿ ಮೆಣಸಿನಕಾಯಿ ಪರೀಕ್ಷಿಸುವವರು ಬಳೆ ಹಾಕುವಂತಿಲ್ಲ. ಅಂಗಳದಲ್ಲಿ ಒಂದು ಹುಲ್ಲುಕಡ್ಡಿಯೂ ಇಲ್ಲ. ಎಲ್ಲಿ ನೋಡಿದರೂ ಮೆಣಸಿನಕಾಯಿ... ಅಯ್ಯೋ, ಚುಕ್ಕಿ ಆರುತ್ತಿದೆ!

ಎದುರಿಗೆ ಒಂದು ಏಣಿ. ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಒಬ್ಬ ಹುಡುಗ, ಅಂಗಳದ ಕಡೆ ತಿರುಗಿ, ಮುಖ ಮೇಲೆತ್ತಿಕೊಂಡು ನಿಂತಿದ್ದ. ಮೈಮೇಲೆ ಹಸಿರು ಅಂಗಿ!

ಹಾರಿ ಹಿಡಿದಳು.

ಮರುಗಳಿಗೆ ಏಣಿ, ಹುಡುಗ, ಜ್ಯೋತಿ, ಮೂರೂ ಮೆಣಸಿನಕಾಯಿ ರಾಶಿಯ ಮೇಲಿದ್ದವು. ದೂರದಲ್ಲೆಲ್ಲೋ ಗುಡುಗಿದಂತೆ ಆಕಾಶ ಸದ್ದು ಮಾಡಿತು.

"ಆಕ್ಷೀ! ಯಾರ್ರಿ ನೀವು? ಆಕ್ಷೀ! ನನ್ನ ಯಾಕ ಜಗ್ಗಿದ್ರಿ?"

"ತಪ್ಪಾತ್ರಿ... ನಾ ನಿಮ್ಮನ್ನ ಜಗ್ಗಲಿಲ್ರಿ. ನಿಮ್ಮ ಅಂಗಿ ಜಗ್ಗಿದೆ."

"ಅಂಗಿ ಒಳಗ ನಾನೂ ಇದ್ದೆನಲ್ರಿ!"

ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಪುಣ್ಯ! ಬೇರೆ ಸೀಮೆಯ ಖಾರದ ಕಾಯಿಯಲ್ಲಿ ಬಿದ್ದಿದ್ದರೆ ಈ ಪ್ರೇಮಕಥೆ ಆಸ್ಪತ್ರೆಯಲ್ಲಿ ಮುಗಿಯುತ್ತಿತ್ತು.

* * *

ಜ್ಯೋತಿ ಅವನನ್ನು ಲ್ಯಾಬಿಗೆ ಕರೆದುಕೊಂಡು ಹೋಗಿ ಕೂರಿಸಿದಳು. ಚಹಾಕ್ಕೆಂದು ಇಟ್ಟಿದ್ದ ಹಾಲಿನಲ್ಲಿ ಹತ್ತಿ ಅದ್ದಿ, ಕಣ್ಣಿನ ಸುತ್ತ ಒರೆಸಿಕೊಳ್ಳಲು ಕೊಟ್ಟಳು. ಅವನು ಒರೆಸಿಕೊಳ್ಳುತ್ತಲೇ ಸೀನಿದ, ಸೀನುತ್ತಲೇ ನಕ್ಕ.

ಹೆಸರು ಮಾಂತೇಶ. ಅಗಡಿಯವನು. ಹಾವೇರಿಯಲ್ಲಿ ಅವನದೊಂದು ಸಣ್ಣ ಅಂಗಡಿ. ಅಂಗಡಿ, ಗೋದಾಮುಗಳಿಗೆ ಸಿಸಿ ಕ್ಯಾಮೆರಾ ಹಾಕಿಕೊಡುವುದು ಅವನ ಉದ್ಯೋಗ. ಕೋಲ್ಡ್ ಸ್ಟೋರೇಜಿನ ಮಾಲೀಕ ಸುಭಾಷ ಸಾವ್ಕಾರರ ಅಂಗಳಕ್ಕೆ ಒಂದು ಕ್ಯಾಮೆರಾ ಹಾಕಿ ಮುಗಿಸಿ, ಎದುರು ಗೋಡೆಗೆ ಎರಡನೆಯದನ್ನು ಹಾಕುತ್ತಿದ್ದಾಗಲೇ ಈ ಅನಾಹುತ.

"ಅಲ್ರಿ, ಹಸಿರು ಹಸಿರು ಅಂತ ಒದರಿದ್ರೆಲ್ಲ, ಯಾಕ?"

ಜ್ಯೋತಿ ನಾಚಿಕೆಯಿಂದಲೇ ಅಜ್ಜಿಯ ಶಾಸ್ತ್ರ ಹೇಳಿದಳು. ಮಾಂತೇಶ ನಗಲಿಲ್ಲ. ತನ್ನ ಎದೆಯ ಕಡೆ ಬಗ್ಗಿ ನೋಡಿಕೊಂಡ.

"ಖರೇ ಹೇಳಲೇನ್ರಿ? ಈ ಅಂಗಿ ಹಸಿರಲ್ಲ. ಬಿಳೀದೈತಿ."

"ಬಣ್ಣ ನನಗ ಹೇಳಬ್ಯಾಡ್ರಿ! ಬಣ್ಣ ನೋಡೂದ ನನ್ನ ಕೆಲಸ."

ಸುಳ್ಳಲ್ಲ. ದಪ್ಪನೆಯ ಡಬ್ಬಿ ಕಾಯಿಯೋ ಸಣಕಲು ಕಡ್ಡಿ ಕಾಯಿಯೋ, ರೈತರ ಚೀಲದಿಂದ ಕಾಯಿ ತೆಗೆದು, ಪುಡಿ ಮಾಡಿ, ಅದರ ಕೆಂಪು ಎಷ್ಟಿದೆ ಎಂದು ಅಳೆದು ಹೇಳುವವಳು ಅವಳೇ. ಅವಳು ಹೇಳಿದ ಬಣ್ಣವನ್ನು ಬೇರೆ ಊರಿನ ವ್ಯಾಪಾರಿಗಳೂ ಒಪ್ಪುತ್ತಾರೆ.

ಅಂಥವಳು ಟ್ಯೂಬ್‌ಲೈಟಿನ ಕೆಳಗೆ ಕಣ್ಣರಳಿಸಿ ನೋಡಿದಳು.

ಬಿಳಿ. ಹಾಲಿನಂಥ ಬಿಳಿ! ಎಡ ಎದೆಯ ಮೇಲೆ ಮಾತ್ರ ಕೆಂಪಗೆ ಐದು ಬೆರಳಿನ ಗುರುತು. ಆಗಷ್ಟೇ ಕಾಯಿ ಪುಡಿ ಮಾಡಿ ಎದ್ದುಬಂದಿದ್ದ ಅವಳದೇ ಕೈ.

'ಅಯ್ಯೋ ದೇವರೇ... ಹಸಿರಂತ ತಿಳಿದು ಬಿಳಿ ಹಿಡಿದೆನಲ್ಲ!'

"ಇರ್ಲಿ ಬಿಡ್ರಿ," ಅಂದ ಮಾಂತೇಶ. "ಚುಕ್ಕಿದ ತಪ್ಪು ಅದು, ನಿಮ್ಮದಲ್ಲ. ಹಸಿರು ಬೆಳಕಿನ್ಯಾಗ ನಮ್ಮ ಏಣಿನೂ ಹಸಿರ ಕಂಡಿರ್ತೈತಿ. ಮತ್ತ... ಮುಟ್ಟಲಿಲ್ಲಂದ್ರ ಏನೋ ಆಕ್ಕೈತಿ ಅಂದ್ರೆಲ್ಲ?"

"ಆ ಹೊತ್ತಿನ್ಯಾಗ ಕೂಡಿದ್ದು ನಿಲ್ಲಂಗಿಲ್ಲಂತ."

"ಆ ಹೊತ್ತಿನ್ಯಾಗ ಏನ್ ಕೂಡಿತ್ರಿ?"

ಜ್ಯೋತಿ ಇನ್ನೊಂದು ಹತ್ತಿಯನ್ನು ಹಾಲಿನಲ್ಲಿ ಅದ್ದತೊಡಗಿದಳು. ಅವನ ಕೆಂಪಗಾದ ಕಣ್ಣು ಅವಳನ್ನೇ ನೋಡುತ್ತಿತ್ತು. ಮೆಣಸಿನಕಾಯಿಯ ಘಾಟು ತನಗೀಗ ಹತ್ತಿತೇನೋ ಎನ್ನುವಂತೆ ಅವಳ ಕೆನ್ನೆ ಉರಿಯಿತು.

* * *

ಮರುದಿನ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿ, ಮೂರೂ ತಾಲೂಕಿನಲ್ಲಿ ಅದೇ ಸುದ್ದಿ. ಉಲ್ಕೆ ನಮ್ಮ ಹೊಲದಲ್ಲೇ ಬಿದ್ದಿದೆ ಎಂದು ಅಗಡಿಯವರು ಅಂದರು. ನಮ್ಮ ಗುಡ್ಡದ ಹಿಂದೆಯೇ ಬಿದ್ದದ್ದು ಎಂದು ದೇವರಗುಡ್ಡದವರು ಆಣೆ ಹಾಕಿದರು. ಕದರಮಂಡಲಗಿಯಲ್ಲಿ, ಅಂದರೆ ಜ್ಯೋತಿಯ ಊರಲ್ಲಿ, ಯಾರದೋ ಬಣವೆಯ ಪಕ್ಕ ಸಿಕ್ಕ ಕರೀ ಕಲ್ಲಿಗೆ ಒಂದು ದಿನ ಪೂಜೆಯೂ ಆಯಿತು. ಕೊನೆಗೆ ಅದು ಡಾಂಬರಿನ ಗಟ್ಟಿ ಎಂದು ಗೊತ್ತಾಗಿ ಎಲ್ಲರೂ ಸುಮ್ಮನಾದರು.

ಇತ್ತ ಕೋಲ್ಡ್ ಸ್ಟೋರೇಜಿನಲ್ಲಿ ಬೇರೆಯೇ ವಿಚಿತ್ರ. ಎದುರು ಗೋಡೆಯ ಎರಡನೇ ಕ್ಯಾಮೆರಾ ಮುಗಿಯಲೇ ಒಲ್ಲದು! ಇವತ್ತು ವೈರು ಕಡಿಮೆ ಬಿತ್ತು, ನಾಳೆ ಮೊಳೆ ಸರಿಯಿಲ್ಲ, ನಾಡಿದ್ದು ಗೋಡೆಯೇ ಸರಿಯಿಲ್ಲ. ಮಾಂತೇಶ ಬಂದವನು ಏಣಿ ಹತ್ತುವ ಮೊದಲು ಲ್ಯಾಬಿನ ಕಡೆ ನೋಡುತ್ತಿದ್ದ, ಇಳಿದ ಮೇಲೆ ಮತ್ತೆ ನೋಡುತ್ತಿದ್ದ. ಮಧ್ಯಾಹ್ನ ಗೇಟಿನ ಹೊರಗೆ ರಹಿಮತಬಿಯ ಅಂಗಡಿಯಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು.

"ಯಾವತ್ತ ಮುಗೀತೈತೋ ಮಾಂತೇಶಪ್ಪಾ ನಿನ್ನ ಕೆಲಸ?" ರಹಿಮತಬಿ ಕೇಳುವಳು.

"ಲಗೂ ಮುಗಿಸಿದ್ರ ನಿನ್ನ ಚಹಾ ಸಿಗಂಗಿಲ್ಲಲ್ಲ, ಬೇ!"

"ಹೌದ್ಹೌದು, ಚಹಾಕ್ಕ ಬರ್ತೀ ನೀನು!" ಎಂದು ಆಕೆ ಜ್ಯೋತಿಯ ಕಡೆ ನೋಡಿ ಕಣ್ಣು ಮಿಟುಕಿಸುವಳು.

ಒಂದು ದಿನ ಮಾಂತೇಶ ಫೋನ್ ತೆಗೆದ.

"ಒಂದು ಕಳಸ್ತೀನಿ ನೋಡ್ರಿ. ಅವತ್ತ ಮೊದಲನೇ ಕ್ಯಾಮೆರಾ ಚಾಲೂ ಇತ್ತು. ಚುಕ್ಕಿ ಬಿದ್ದದ್ದೂ ಬಂದೈತಿ, ನಾವು ಬಿದ್ದದ್ದೂ ಬಂದೈತಿ! ಆದ್ರ ಯಾರಿಗೂ ಕೊಡಬ್ಯಾಡ್ರಿ. ಒಳಗಿನ ಮಾಲೆಲ್ಲ ಕಾಣ್ತೈತಿ, ಸಾವ್ಕಾರ್ರು ಸಿಟ್ಟಾಗ್ತಾರ. ನಿಮಗಷ್ಟ."

ನಿಮಗಷ್ಟ... ಆ ಮಾತು ಬಸ್ಸಿನಲ್ಲಿ ಊರು ಮುಟ್ಟುವವರೆಗೂ ಕಿವಿಯಲ್ಲಿತ್ತು.

ಮನೆಯಲ್ಲಿ ಕೂತು ವಿಡಿಯೋ ನೋಡಿದಳು. ಆಕಾಶದಲ್ಲಿ ಬೆಳಕು. ಅಂಗಳವೆಲ್ಲ ಹಸಿರು. ಹುಚ್ಚಿಯಂತೆ ಓಡಿಬರುವ ತಾನು. ಏಣಿ ಜಾರಿತು... ಅಲ್ಲಿ ಏನೋ ಕಂಡಂತಾಗಿ ಮತ್ತೆ ಹಿಂದಕ್ಕೆ ಎಳೆದು ನೋಡಿದಳು.

ಬೀಳುವಾಗ ಮಾಂತೇಶನ ಒಂದು ಕೈ ಅವಳ ತಲೆಯ ಹಿಂದೆ ಹೋಗಿತ್ತು! ಏಣಿಯ ಮರ ಅವಳ ತಲೆಗೆ ಬಡಿಯಬಾರದೆಂದು ಅವನು ತನ್ನ ಕೈ ಅಡ್ಡ ಕೊಟ್ಟಿದ್ದ. ಯಾರೋ ಏನೋ ಗೊತ್ತಿಲ್ಲದ, ತನ್ನನ್ನೇ ಕೆಡವಿದ ಹುಡುಗಿಗೆ!

'ನನಗೆ ಅವನು ಬೇಕು,' ಎಂದುಕೊಂಡಳು ಜ್ಯೋತಿ. ಅಷ್ಟು ನೇರವಾಗಿ ತನ್ನ ಮನಸ್ಸು ಮಾತಾಡಿದ್ದು ಕೇಳಿ ಅವಳಿಗೇ ಗಾಬರಿಯಾಯಿತು. ಅದರ ಬೆನ್ನಿಗೇ ಇನ್ನೊಂದು ಮಾತು ನೆನಪಾಯಿತು. ಹಸಿರು ಮುಟ್ಟಿಲ್ಲ... ಆ ಹೊತ್ತಿನಲ್ಲಿ ಕೂಡಿದ್ದು ನಿಲ್ಲುವುದಿಲ್ಲ!

"ಏನ್ ನೋಡಾಕತ್ತೀದಿ? ನನಗೂ ತೋರ್ಸು," ಎಂದು ಹೊಳಿಯವ್ವ ಕನ್ನಡಕ ಏರಿಸಿಕೊಂಡು ಬಂದಳು. ಒಂದು ಸಲ ನೋಡಿದಳು. ಎರಡು ಸಲ ನೋಡಿದಳು. "ನನ್ನ ಫೋನಿಗೆ ಹಾಕು. ಕಣ್ಣಿಗೆ ಹಚ್ಚಿ ನೋಡ್ತೀನಿ."

ಅಜ್ಜಿಗೆ ಫೋನಿನಲ್ಲಿ ಬಂದದ್ದನ್ನು ತೆರೆದು ನೋಡುವುದಷ್ಟೇ ಗೊತ್ತು ಎಂಬ ನಂಬಿಕೆ ಜ್ಯೋತಿಗೆ. ಹಾಕಿಕೊಟ್ಟಳು.

"ಅಂಗಿ ಹಸಿರ ಐತೆಲ್ಲವ್ವಾ!" ಅಂದಳು ಅಜ್ಜಿ.

"ಬೆಳಕಿಗೆ ಹಂಗ ಕಾಣ್ತೈತಿ, ಅಜ್ಜಿ. ಖರೇ ಅಂದ್ರ ಬಿಳೀದು." ಜ್ಯೋತಿಯ ದನಿ ಸಣ್ಣದಾಯಿತು. "ಅಜ್ಜಿ... ಹಸಿರಂತ ತಿಳದು ಬಿಳೀದು ಮುಟ್ಟಿದ್ರ ನಡಿತೈತೇನು?"

ಹೊಳಿಯವ್ವ ಮೊಮ್ಮಗಳ ಮುಖವನ್ನೇ ನೋಡಿದಳು. ಎಪ್ಪತ್ತು ದಾಟಿದ ಕಣ್ಣು, ಆದರೂ ಕಾಣಬೇಕಾದ್ದು ಕಂಡಿತು.

"ತಡಿ. ವಿಚಾರ ಮಾಡಿ ಹೇಳ್ತೀನಿ."

* * *

ಎರಡು ದಿನ ಕಳೆದು ಬೆಳಿಗ್ಗೆ ಬಸ್ ಹತ್ತಿದ ಜ್ಯೋತಿಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಬಸ್ಸಿಗೆ ಬಸ್ಸೇ ಫೋನ್ ಹಿಡಿದು ನಗುತ್ತಿತ್ತು. ಅವಳನ್ನು ನೋಡಿದ್ದೇ ತಡ, ಎಲ್ಲರ ನಗು ಒಮ್ಮೆಲೇ ನಿಂತು, ಮತ್ತೆ ಒಮ್ಮೆಲೇ ಶುರುವಾಯಿತು.

"ಅಕ್ಕಾರ, ಕಂಬಿ ಗಟ್ಟಿ ಹಿಡ್ಕೋರಿ," ಅಂದ ಕಂಡಕ್ಟರ್ ಟಿಕೆಟ್ ಹರಿಯುತ್ತ. "ಆಮ್ಯಾಲ ನನ್ನ ಅಂಗಿ ಹಿಡದೀರಿ!"

ಬಸ್ಸು ಗೊಳ್ಳೆಂದಿತು. ಪಕ್ಕದವಳ ಫೋನಿನಲ್ಲಿ ಜ್ಯೋತಿ ಕಂಡಳು... ಹಸಿರು ಬೆಳಕು. ಓಡುವ ತಾನು. ಬೀಳುವ ಏಣಿ.

ಅಂಗಳದಲ್ಲಿ ತೊಟ್ಟು ಬಿಡಿಸಲು ಕೂತ ಹೆಂಗಸರು "ಹಸಿರು, ಹಸಿರು!" ಎಂದು ರಾಗವಾಗಿ ಹಾಡಿದರು. ತಲೆ ತಗ್ಗಿಸಿ ಲ್ಯಾಬು ಸೇರುವಷ್ಟರಲ್ಲಿ ಸಾವ್ಕಾರರ ಗುಡುಗು ಕೇಳಿತು. ಮಾಂತೇಶನನ್ನು ಕರೆಸಿ ಅಂಗಳದ ನಡುವೆ ನಿಲ್ಲಿಸಿದ್ದರು. ಹೊಸ ಅಂಗಿ ಹಾಕಿಕೊಂಡು ಬಂದಿದ್ದ, ಅದರ ಮಡಿಕೆ ಕೂಡ ಇನ್ನೂ ಬಿಟ್ಟಿರಲಿಲ್ಲ.

"ಮಂದಿ ನನ್ನ ನಂಬಿ ಮಾಲು ಇಟ್ಟಾರ! ಯಾರ ಚೀಲ ಎಲ್ಲೈತಿ ಅಂತ ಊರ ತುಂಬ ತೋರಿಸಿದ್ರ ಹೆಂಗ? ಹೊರಗ ಯಾರಿಂದ ಹೋತು? ನಿನ್ನ ಬಿಟ್ರ ಆ ವಿಡಿಯೋ ಇನ್ನ ಯಾರ ಕೈಯಾಗಿತ್ತು? ಹೇಳು, ಅವರನ್ನೂ ಇವತ್ತ ಮನೀಗೆ ಕಳಸ್ತೀನಿ!"

ಮಾಂತೇಶನ ಕಣ್ಣು ಒಂದು ಸಲ ಲ್ಯಾಬಿನ ಬಾಗಿಲಿಗೆ ಬಂದು ಹೋಯಿತು. ಅಲ್ಲಿ ಜ್ಯೋತಿ ನಿಂತಿದ್ದಳು.

"ಯಾರ ಕೈಯಾಗೂ ಇರಲಿಲ್ರಿ," ಅಂದ. "ನನ್ನಿಂದನ ಹೋಗೈತಿ."

"ಹಂಗಾರ ನಿನ್ನ ಏಣಿ ತಗೊಂಡು ನಡಿ. ನಾಳಿಂದ ಬರಬ್ಯಾಡ."

ಜ್ಯೋತಿಯ ಕಿವಿಯಲ್ಲಿ ಉಳಿದದ್ದು ಒಂದೇ ಮಾತು: ನನ್ನಿಂದನ ಹೋಗೈತಿ. ಗೇಟಿನ ಹತ್ತಿರ ಅವನನ್ನು ಅಡ್ಡಗಟ್ಟಿದಳು.

"ನಿಮಗಷ್ಟ ಅಂದ್ರಿ! ಊರೆಲ್ಲ ನನ್ನ ನೋಡಿ ನಗಾಕತ್ತೈತಿ. ಖುಷಿ ಆತಿಲ್ಲೋ?"

ಮಾಂತೇಶ ಏಣಿಯನ್ನು ಹೆಗಲಿನಿಂದ ಇಳಿಸಿದ. "ನಾ ಕಳಿಸೇನಿ ಅಂತ ನಂಬ್ತೀರೇನ್ರಿ ನೀವು?"

"ನಿಮ್ಮ ಬಾಯಿಂದನ ಕೇಳೇನಲ್ಲ!"

ಅವನು ತನ್ನ ಅಂಗಿಯನ್ನೊಮ್ಮೆ ನೋಡಿಕೊಂಡು, ಅವಳನ್ನೊಮ್ಮೆ ನೋಡಿದ.

"ಹೋಗ್ಲಿ ಬಿಡ್ರಿ. ಇವತ್ತ ನಿಮಗೇನೂ ಕಾಣಂಗಿಲ್ಲ."

ಏಣಿ ಮತ್ತೆ ಹೆಗಲೇರಿತು. ಜ್ಯೋತಿ ಅಲ್ಲೇ ನಿಂತು ಅವನ ನಂಬರು ಬ್ಲಾಕ್ ಮಾಡಿದಳು. ಮಾಡಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡು ಅತ್ತಳು. ಮೆಣಸಿನಕಾಯಿ ಲ್ಯಾಬಿನಲ್ಲಿ ಅಳುವುದಕ್ಕೆ ಒಂದು ಅನುಕೂಲವಿದೆ, ಯಾರೂ ಯಾಕೆ ಎಂದು ಕೇಳುವುದಿಲ್ಲ.

'ಹಸಿರು ಮುಟ್ಟಲಿಲ್ಲ. ಅದಕ್ಕೇ ನಿಲ್ಲಲಿಲ್ಲ...'

* * *

ಸಂಜೆ ಮನೆಗೆ ಬಂದರೆ ಕಟ್ಟೆಯ ಮೇಲೆ ಜಗಳ! ಹೊಳಿಯವ್ವ ಒಂದು ಕಡೆ, ಅವಳ ಭಜನೆಯ ಗೆಳತಿ ಗುತ್ತೆವ್ವ ಇನ್ನೊಂದು ಕಡೆ.

"ಚುಕ್ಕಿ ಬರೂಕಿಂತ ಮೊದಲ ನೋಡು, ಅಂಗಿ ಬೆಳ್ಳಗ ಐತಿ!" ಗುತ್ತೆವ್ವನ ವಾದ.

"ಮುಟ್ಟೂ ಹೊತ್ತಿನ್ಯಾಗ ಹೆಂಗಿತ್ತು ಅನ್ನೂದು ಮುಖ್ಯ! ಅವಾಗ ಹಸಿರ ಇತ್ತು!"

ಜ್ಯೋತಿಯ ಕಾಲು ಅಲ್ಲೇ ನಿಂತಿತು.

"ಅಜ್ಜಿ... ಗುತ್ತೆವ್ವಜ್ಜಿಗೆ ಆ ವಿಡಿಯೋ ಎಲ್ಲಿಂದ ಬಂತು?"

"ನಾನ ಕಳಿಸೇನಿ." ಹೊಳಿಯವ್ವ ಹೆಮ್ಮೆಯಿಂದ ಎದೆಯುಬ್ಬಿಸಿದಳು. "ಭಜನಾ ಮಂಡಳಿ ಗುಂಪಿಗೆ ಹಾಕೇನಿ. ಒತ್ತಿ ಹಿಡದ್ರ ಒಂದು ಬಾಣ ಬರ್ತೈತಿ, ಬಾಣ ಒತ್ತಿದ್ರ ಹೋಗೇ ಬಿಡ್ತೈತಿ! ಹೋದ ವಾರ ಕಲತೇನಿ."

"ಅಯ್ಯೋ ಅಜ್ಜಿ! ಯಾಕ... ಯಾಕ ಕಳಿಸಿದಿ?"

"ಮತ್ತೇನ್ ಮಾಡ್ಲಿ? ಬಿಳೀದು ಮುಟ್ಟಿದ್ರ ನಡಿತೈತೇನಜ್ಜಿ ಅಂತ ಕೇಳಿದಿ. ಮಾರಿ ನೋಡಿದ್ರ ಹಿಂಗಾಗಿತ್ತು." ಅಜ್ಜಿಯ ದನಿ ಮೆತ್ತಗಾಯಿತು. "ನಾಲ್ಕು ಮಂದಿ ಹಿರ್ಯಾರು ಹಸಿರ ಐತಿ ಅಂದ್ರ ನಿನಗ ಸಮಾಧಾನ ಆಕ್ಕೈತಿ ಅಂತ ಕೇಳಾಕ ಹಾಕಿದೆ. ಅವರು ಅವರ ಮಕ್ಕಳಿಗೆ ಹಾಕ್ಯಾರ, ಆ ಮಕ್ಕಳು ಯಾರ್ಯಾರಿಗೋ..."

ಜ್ಯೋತಿ ಧೊಪ್ಪನೆ ಕಟ್ಟೆಯ ಮೇಲೆ ಕೂತಳು. ಈಗ ಎಲ್ಲ ಅರ್ಥವಾಯಿತು. ವಿಡಿಯೋ ಇದ್ದದ್ದು ಮಾಂತೇಶನ ಬಳಿ ಮತ್ತು ತನ್ನ ಬಳಿ. ಜ್ಯೋತಿಗೆ ಬಿಟ್ಟು ಬೇರೆ ಯಾರಿಗೂ ತಾನು ಕಳಿಸಿಲ್ಲ ಎಂದು ಮಾಂತೇಶನಿಗೆ ಗೊತ್ತಿತ್ತು. ಹಾಗಾದರೆ ಜ್ಯೋತಿಯಿಂದಲೇ ಹೋಗಿದೆ ಎಂದು ಆ ಅಂಗಳದಲ್ಲೇ ಅವನಿಗೆ ತಿಳಿದಿತ್ತು. ಅವಳ ಹೆಸರು ಹೇಳಿದ್ದರೆ ಅವಳ ಕೆಲಸ ಹೋಗುತ್ತಿತ್ತು. ಅದಕ್ಕೇ... 'ನನ್ನಿಂದನ ಹೋಗೈತಿ.'

ಅವತ್ತು ಏಣಿಯಿಂದ ಬೀಳುವಾಗ ತಲೆಗೆ ಕೈ ಅಡ್ಡ ಕೊಟ್ಟವನು, ಇವತ್ತೂ ಅದನ್ನೇ ಮಾಡಿದ್ದ. ಅಂಥವನಿಗೆ ತಾನೇನು ಅಂದೆ!

ಅವಳು ಮುಖ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದಳು. ಹೇಳಿ ಮುಗಿದಾಗ ಅಜ್ಜಿ ಫೋನನ್ನು ಸೆರಗಿನೊಳಗೆ ಮುಚ್ಚಿಟ್ಟಳು. ಗುತ್ತೆವ್ವನೇ ಹತ್ತಿರ ಬಂದು ಜ್ಯೋತಿಯ ಬೆನ್ನು ಸವರಿದಳು.

"ಅಂಗಿ ಬಣ್ಣದ ಮ್ಯಾಲ ನಮ್ಮ ಮಂಡಳ್ಯಾಗ ಜಗಳ ಐತಿ, ಖರೇ. ಆದ್ರ ಒಂದು ಮಾತಿಗೆ ಎಲ್ಲಾರೂ ಹೂಂ ಅಂದೇವಿ. ಬೀಳೂ ಮುಂದ ಆ ಹುಡುಗ ನಿನ್ನ ತಲಿಗೆ ಕೈ ಕೊಟ್ಟಾನಲ್ಲ, ಅಂಥಾವ್ನ ಬಿಡಬಾರ್ದು ಅಂತ."

ಇಡೀ ಭಜನಾ ಮಂಡಳಿ ಅದನ್ನು ನೋಡಿತ್ತು! ನೋಡಬೇಕಾದವಳೇ ಮರೆತಿದ್ದಳು.

* * *

ಮರುದಿನ ಬೆಳಿಗ್ಗೆ ಸಾವ್ಕಾರರ ಮುಂದೆ ಜ್ಯೋತಿ ನಿಂತಾಗ ಅವಳ ಪಕ್ಕ ಹೊಳಿಯವ್ವನೂ ಇದ್ದಳು. ಬರಬೇಡವೆಂದರೂ ಕೇಳಿರಲಿಲ್ಲ.

"ವಿಡಿಯೋ ನನ್ನಿಂದ ಹೋಗೈತ್ರಿ. ಮಾಂತೇಶ ಅವರು ನನ್ನ ಕೆಲಸ ಉಳಸಾಕ ತಮ್ಮ ಮ್ಯಾಲ ಹಾಕ್ಕೊಂಡಾರ. ನನ್ನ ಬೇಕಾದ್ರ ತಗೀರಿ, ಅವರನ್ನ ಕರೀರಿ."

"ಆಕಿಂದಲ್ಲೋ ಸುಭಾಷಾ, ನನ್ನಿಂದ!" ಹೊಳಿಯವ್ವ ಮುಂದೆ ಬಂದಳು. "ನಿಮ್ಮಪ್ಪನ ಕಾಲದಾಗ ಇದ ಬ್ಯಾಡಗ್ಯಾಗ ತೊಟ್ಟು ಬಿಡಿಸಿದಾಕಿ ನಾನು. ನೀ ಚಡ್ಡಿ ಹಾಕ್ಕೊಂಡು ರಾಶಿ ಮ್ಯಾಲ ಜಾರಿ ಆಡ್ತಿದ್ದಿ. ಬೈಯೂದಿದ್ರ ನನಗ ಬೈ!"

ಸುಭಾಷ ಸಾವ್ಕಾರರು ಒಂದು ಕುರ್ಚಿ ಎಳೆದು ಅಜ್ಜಿಯನ್ನು ಕೂರಿಸಿದರು. ಆಮೇಲೆ ಮೆಲ್ಲಗೆ ಕೇಳಿದರು.

"ಅಲ್ಲ ಅಜ್ಜಿ... ಆ ಅಂಗಿ ಹಸಿರೋ, ಬಿಳೀದೋ? ನಮ್ಮ ಮನ್ಯಾಗ ನಿನ್ನೆಯಿಂದ ಇದ ಜಗಳ."

ಸುತ್ತ ನಿಂತಿದ್ದ ಹಮಾಲರು ನಕ್ಕರು. ಸಾವ್ಕಾರರಿಗೂ ನಗು ತಡೆಯಲಾಗಲಿಲ್ಲ.

"ಹೋಗವಾ ಜ್ಯೋತಿ, ಇನ್ನೊಮ್ಮೆ ಹಿಂಗ ಆಗಬಾರ್ದು. ಸಿಟ್ಟಿನ್ಯಾಗ ನಾನೂ ನಾಲ್ಕು ಮಾತು ಜಾಸ್ತಿ ಅಂದೇನಿ. ಅವನ್ನ ನೀನ ಕರಕೊಂಡು ಬಾ. ಎರಡನೇ ಕ್ಯಾಮೆರಾ ಇನ್ನೂ ಗ್ವಾಡಿಗೆ ಜೋತಾಡಾಕತ್ತೈತಿ. ಇಷ್ಟು ದಿನ ಬಂದು ಅಂವಾ ಏನ್ ಮಾಡಿದ್ನೋ ಏನೋ!"

ಏನು ಮಾಡಿದ ಎಂದು ಜ್ಯೋತಿಗೆ ಗೊತ್ತಿತ್ತು.

ಬ್ಲಾಕ್ ತೆಗೆದು ಫೋನ್ ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಹಾವೇರಿಗೆ ಹೋದಳು. ಅಂಗಡಿಗೆ ಬೀಗ. ಅಗಡಿಯ ಬಸ್ ಹತ್ತಿದಳು.

* * *

ಅಗಡಿಯಲ್ಲಿ ಮನೆ ಕೇಳಿಕೊಂಡು ಹೋದಾಗ ಬಿಸಿಲು ಓರೆಯಾಗಿತ್ತು. ಅಂಗಳದಲ್ಲಿ ಅವನ ತಾಯಿ ಜೋಳ ಹಸನು ಮಾಡುತ್ತಿದ್ದಳು.

"ಬಾರವ್ವ, ಯಾರಾಕಿ ನೀನು?"

"ಬ್ಯಾಡಗಿಯಿಂದ ಬಂದೇನ್ರಿ. ಜ್ಯೋತಿಲಕ್ಷ್ಮಿ ಅಂತ."

ಮೊರ ಕೆಳಗಿಳಿಯಿತು. "ಬಲಗೈ ತೋರ್ಸು ನೋಡೂಣು."

ಜ್ಯೋತಿ ಅರ್ಥವಾಗದೆ ಕೈ ಚಾಚಿದಳು. ತಾಯಿ ಬೆರಳುಗಳನ್ನು ಬಿಡಿಸಿ, ಬೆಳಕಿಗೆ ಹಿಡಿದು ನೋಡಿದಳು.

"ಹೂಂ... ಇವ. ಅಂಗಿ ಮ್ಯಾಲಿನ ಸಣ್ಣ ಬೆರಳು ಇವ. ಎಷ್ಟು ತಿಕ್ಕಿದ್ರೂ ಬಣ್ಣ ಹೋಗವಲ್ದು ಅಂತ ನಾ ಸೋತ್ರ, ತೊಳೀಬ್ಯಾಡ ಬಿಡಬೇ ಅಂತಾನ ಅಂವಾ!" ಹಿತ್ತಲ ಕಡೆ ತಿರುಗಿ ಕೂಗಿದಳು. "ಮಾಂತೇಶಾ, ಅಂಗಿಗೆ ಬಣ್ಣ ಹಚ್ಚಿದಾಕಿ ಬಂದಾಳ ನೋಡೋ!"

ಹಿತ್ತಲಲ್ಲಿ ಮಾಂತೇಶ ಮತ್ತೆ ಏಣಿಯ ಮೇಲಿದ್ದ. ಟಿವಿಯ ಡಿಶ್ ಸರಿಮಾಡುತ್ತಿದ್ದವನು ಅವಳನ್ನು ಕಂಡು ಹಾಗೇ ನಿಂತ. ಮೈಮೇಲೆ ಅದೇ ಬಿಳಿ ಅಂಗಿ, ಎದೆಯ ಮೇಲೆ ಐದು ಕೆಂಪು ಬೆರಳು.

"ಇಳದ ಬರ್ತೀನಿ ತಡೀರಿ," ಅಂದ ಗಾಬರಿಯಿಂದ. "ನೀವು ಜಗ್ಗಬ್ಯಾಡ್ರಿ!"

ಅಳು ತಡೆದುಕೊಂಡು ಬಂದವಳಿಗೆ ನಗು ಬಂದುಬಿಟ್ಟಿತು. ನಗುತ್ತಲೇ ಕಣ್ಣು ತುಂಬಿತು.

"ಆ ವಿಡಿಯೋ ನಮ್ಮಜ್ಜಿ ಬಾಣ ಒತ್ತಿ ಗುಂಪಿಗೆ ಕಳಿಸಿದ್ಲಂತ್ರಿ... ಬಿಳೀದು ಮುಟ್ಟಿದ್ರ ನಡಿತೈತೋ ಇಲ್ಲೋ ಅಂತ ಕೇಳಾಕ. ನಾ ಏನೂ ಕೇಳದ ನಿಮಗ ಬಾಯಿಗೆ ಬಂದಂಗ ಅಂದೆ. ಸಾವ್ಕಾರ್ರಿಗೆ ಎಲ್ಲಾ ಹೇಳೇನಿ. ನಿಮ್ಮನ್ನ ಕರದಾರ. ತಪ್ಪಾತ್ರಿ... ಭಾಳ ತಪ್ಪಾತು."

"ಅಜ್ಜಿನ?" ಮಾಂತೇಶ ಕಣ್ಣು ಮಿಟುಕಿಸದೆ ನೋಡಿದ. "ನಿಮ್ಮ ಕೈ ತಪ್ಪಿ ಹೋಗೈತಿ ಅಂತ ತಿಳದಿದ್ದೆ ನಾನು. ಅಜ್ಜಿ ಬಾಣ ಬಿಟ್ಟಾಳಂತ ಕನಸಿನ್ಯಾಗೂ ಅನಕೊಂಡಿದ್ದಿಲ್ಲ."

ಅವನೂ ನಕ್ಕ. ಅಷ್ಟರಲ್ಲಿ ಜ್ಯೋತಿಯ ಕಣ್ಣು ಬಟ್ಟೆ ಒಣಹಾಕುವ ತಂತಿಯ ಮೇಲೆ ಬಿತ್ತು. ಅಲ್ಲೊಂದು ಅಂಗಿ ತೂಗುತ್ತಿತ್ತು. ಹಗಲಿನಲ್ಲಿ, ಬಿಸಿಲಿನಲ್ಲಿ, ಯಾವ ಅನುಮಾನವೂ ಇಲ್ಲದ ಅಚ್ಚ ಹಸಿರು.

"ಅದು?"

ಮಾಂತೇಶ ತಲೆ ಕೆರೆದುಕೊಂಡ. "ಹೊಸಾದ್ರಿ. ನಿಮಗಂತ ಹೊಲಿಸಿದ್ದೆ. ಹಸಿರು ಮುಟ್ಟಲಿಲ್ಲ ಅಂತ ಅಂಜಿದ್ರೆಲ್ಲ, ಇದನ್ನ ಮುಟ್ಟಿಸಿ ಮನಸ್ಸಿನ ಮಾತು ಹೇಳಬೇಕಂತ ಹಾಕ್ಕೊಂಡು ಬಂದಿದ್ದೆ."

"ಯಾವತ್ತ ಬಂದಿದ್ರಿ?"

"ನಿನ್ನೆ. ನೀವು ಗೇಟಿನ್ಯಾಗ ನನಗ ಬೈದ್ರೆಲ್ಲ, ಅವಾಗ."

ಜ್ಯೋತಿ ಬೆಚ್ಚಿದಳು. ಮಡಿಕೆ ಬಿಡದ ಹೊಸ ಅಂಗಿ... ಎದುರಿಗೇ ನಿಂತಿದ್ದ, ಎದೆಯ ತುಂಬ ಹಸಿರು ಹೊತ್ತುಕೊಂಡು. ಬಣ್ಣ ನೋಡುವುದೇ ಕೆಲಸವಾದ ತನಗೆ ಅದು ಕಂಡಿರಲೇ ಇಲ್ಲ!

"ಏನು ಹೇಳಬೇಕಂತ ಬಂದಿದ್ರಿ?"

"ಗೊತ್ತಿಲ್ಲೇನ್ರಿ?"

"ಗೊತ್ತೈತಿ. ಆದ್ರೂ ನಿಮ್ಮ ಬಾಯಿಂದ ಕೇಳಬೇಕು. ಈ ಸಲ ಖರೇದ್ದು ಹೇಳ್ರಿ."

ಮಾಂತೇಶ ಒಂದು ಹೆಜ್ಜೆ ಹತ್ತಿರ ಬಂದ.

"ಆ ಹೊತ್ತಿನ್ಯಾಗ ಏನ್ ಕೂಡಿತ್ತು ಅಂತ ಕೇಳಿದ್ದೆನಲ್ಲ, ನೀವು ಉತ್ತರ ಕೊಡಲಿಲ್ಲ. ನಾನ ಕೊಡ್ತೀನಿ. ನಾನೂ ನೀನೂ ಕೂಡಿದ್ವಿ, ಜ್ಯೋತಿ. ನನಗ ನೀ ಬೇಕು. ಏಣಿ ಮ್ಯಾಲಿದ್ರೂ ಬೇಕು, ರಾಶಿ ಮ್ಯಾಲ ಬಿದ್ರೂ ಬೇಕು." ತಂತಿಯ ಕಡೆ ಕೈ ತೋರಿಸಿದ. "ಹೋಗು, ಮೊದಲ ಆ ಹಸಿರು ಮುಟ್ಟಿ ಬಾ. ಅಜ್ಜಿ ಶಾಸ್ತ್ರ ಮುಗಿದು ಹೋಗ್ಲಿ."

ಜ್ಯೋತಿ ತಂತಿಯ ಕಡೆ ನಾಲ್ಕು ಹೆಜ್ಜೆ ಹೋದಳು. ನಿಂತಳು. ತಿರುಗಿ ಬಂದಳು.

ಬಲಗೈ ಎತ್ತಿ ಅವನ ಎದೆಯ ಮೇಲಿನ ಕೆಂಪು ಗುರುತಿನ ಮೇಲೆ ಇಟ್ಟಳು. ಐದೂ ಬೆರಳು ತಮ್ಮ ತಮ್ಮ ಜಾಗಕ್ಕೆ ಸರಿಯಾಗಿ ಹೋಗಿ ಕೂತವು. ಅಂಗಿಯ ಒಳಗೆ ಅವನ ಎದೆ ಜೋರಾಗಿ ಬಡಿದುಕೊಳ್ಳುತ್ತಿತ್ತು.

"ಮೊದಲ ಎಲ್ಲಿ ಹಿಡದೇನಿ, ಅಲ್ಲೇ ಹಿಡೀತೀನಿ," ಅಂದಳು. "ನಿಲ್ಲತೈತೋ ಇಲ್ಲೋ ನಾನೂ ನೋಡ್ತೀನಿ."

"ಜ್ಯೋತಿ..." ಮಾಂತೇಶ ಪಿಸುಗುಟ್ಟಿದ. "ಅದು ಬಿಳೀದೈತಿ."

"ಬಣ್ಣ ನನಗ ಹೇಳಬ್ಯಾಡ," ಅಂದಳು ಜ್ಯೋತಿ, ಅಂಗಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಬಣ್ಣ ನೋಡೂದ ನನ್ನ ಕೆಲಸ."